ಬಾಯಾರಿದಾಗ ಬಾವಿ ತೋಡಬೇಕೆ?

ಮಳೆ ಕೈಕೊಟ್ಟ ವರುಷ ಎಲ್ಲೆಡೆ ಕೇಳಿಬರುವ ಮಾತು ಒಂದೇ: ‘ದೇವರು ಕಣ್ಣು ಬಿಡಲಿಲ್ಲ.’ ಆ ಮಾತಿನ ಹಿಂದಿರುವ ನೋವು ನಿಜ. ಆದರೆ ವಿಚಾರವನ್ನು ಪರಿಶೀಲಿಸಬೇಕು. ಮಳೆ ಬಾರದಿರುವುದು ಒಂದು ಸಂಗತಿ, ಅದರಿಂದ ಮನುಷ್ಯರು ಕಂಗೆಡುವುದು ಇನ್ನೊಂದು. ನಮ್ಮ ಭಾಷೆಯಲ್ಲಿ ಎರಡಕ್ಕೂ ‘ಬರ’ ಎಂದೇ ಹೆಸರಿರುವುದರಿಂದ ಅವೆರಡೂ ಒಂದೇ ಎಂದು ಬಗೆಯುತ್ತೇವೆ. ಮೊದಲನೆಯದು ಪ್ರಕೃತಿಯ ವ್ಯಾಪಾರ. ಎರಡನೆಯದರಲ್ಲಿ ನಮ್ಮ ಪಾಲು ದೊಡ್ಡದು.

ವಾಡಿಕೆಗಿಂತ ಶೇಕಡಾ 26ರಷ್ಟು ಅಥವಾ ಅದಕ್ಕೂ ಮೀರಿ ಮಳೆ ಕಡಿಮೆಯಾದರೆ ಅದನ್ನು ತಜ್ಞರು ಹವಾಮಾನದ ಬರವೆನ್ನುತ್ತಾರೆ. ಮಣ್ಣಿನ ತೇವವಾರಿ ಪೈರು ಬಾಡಿದರೆ ಅದು ಕೃಷಿಯ ಬರ. ಕೆರೆ, ನದಿ, ಅಂತರ್ಜಲ ಬತ್ತಿದರೆ ಜಲಮೂಲಗಳ ಬರ. ಭೂಕಂಪದಂತೆ ಬರವು ಹಠಾತ್ತನೆ ಎರಗುವುದಿಲ್ಲ. ತಿಂಗಳುಗಟ್ಟಲೆ ಮುನ್ಸೂಚನೆ ಕೊಡುತ್ತಲೇ ಬರುತ್ತದೆ. ಆ ಅವಧಿಯಲ್ಲಿ ನಾವೇನು ಮಾಡಿದೆವೆಂಬುದೇ ಪ್ರಶ್ನೆ.

2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಪರಿಹಾರಕ್ಕಾಗಿ ರಾಜ್ಯ ಸರಕಾರವು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೇಂದ್ರದ ನೆರವು ಮಂಜೂರಾದದ್ದು ಏಪ್ರಿಲ್ ಅಂತ್ಯಕ್ಕೆ. ಒಣಗಿದ ಪೈರು ಅಷ್ಟು ಕಾಲ ಕಾಯುವುದಿಲ್ಲ, ಸಾಲಗಾರನೂ ಕಾಯುವುದಿಲ್ಲ.

ಬರದ ಹೊರೆ ಎಲ್ಲರ ಹೆಗಲಿಗೂ ಸಮನಾಗಿ ಬೀಳುವುದಿಲ್ಲ. ಹಣವುಳ್ಳವನು ಕೊಳವೆ ಬಾವಿಯನ್ನು ಇನ್ನಷ್ಟು ಆಳಕ್ಕಿಳಿಸುತ್ತಾನೆ; ನೆರೆಯವನ ತೆರೆದ ಬಾವಿ ಬತ್ತುತ್ತದೆ. ಕೂಲಿಯವನಿಗೆ ಕೆಲಸವಿಲ್ಲ, ಹಸು ಸಿಕ್ಕಿದ ಬೆಲೆಗೆ ಹೋಗುತ್ತದೆ, ಕೊಡ ಹೊತ್ತು ದೂರ ನಡೆಯುವ ಪಾಡು ಹೆಂಗಸರದು. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತನ್ನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ಅದೇ ಕಾಲದಲ್ಲಿ ಭಾರತದ ಧಾನ್ಯ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಕ್ಷಾಮಕ್ಕೆ ಕಾರಣ ಆಹಾರದ ಕೊರತೆಗಿಂತ ಹೆಚ್ಚಾಗಿ ಅದನ್ನು ಪಡೆಯುವ ಶಕ್ತಿಯನ್ನು ಬಡವರು ಕಳೆದುಕೊಳ್ಳುವುದೇ ಎಂದು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು.

ಮಳೆ ಹೆಚ್ಚಿರುವ ಕರಾವಳಿಯವರೂ ನಿಶ್ಚಿಂತರಾಗಿರುವಂತಿಲ್ಲ. ವರುಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ದಕ್ಷಿಣ ಕನ್ನಡದಲ್ಲೇ, 2019 ಮತ್ತು 2023ರ ಬೇಸಗೆಯಲ್ಲಿ ಮಂಗಳೂರಿಗೆ ನೀರನ್ನು ಪಾಳಿಯ ಮೇಲೆ ಬಿಡಬೇಕಾಯಿತು. ಕೊರತೆಯಿದ್ದದ್ದು ಮಳೆಯಲ್ಲಷ್ಟೇ ಅಲ್ಲ, ಬಂದ ಮಳೆಯನ್ನು ಹಿಡಿದಿಡುವುದರಲ್ಲಿಯೂ.

ಆದುದರಿಂದ ಬರಕ್ಕೆ ಸಿದ್ಧರಾಗಬೇಕಾದ ಕಾಲ ಬೇಸಗೆಯಲ್ಲ, ಮಳೆಗಾಲ. ನೂರು ಚದರ ಮೀಟರ್ ಚಾವಣಿಯ ಮೇಲೆ ಒಂದು ಮೀಟರ್ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್ ನೀರು. ನಮ್ಮ ಚರ್ಚು, ಶಾಲೆ, ಸಭಾಭವನಗಳ ಚಾವಣಿಗಳು ಎಷ್ಟು ವಿಶಾಲವೆಂದು ಪ್ರತಿಯೊಬ್ಬರೂ ಬಲ್ಲರು. ಆ ನೀರನ್ನು ಸೋಸಿ ಬಾವಿಗೆ ಇಳಿಸಬಹುದು, ಕೆರೆಗಳ ಹೂಳೆತ್ತಬಹುದು; ಒಣಭೂಮಿಯವರು ಕಡಿಮೆ ನೀರಿನ ರಾಗಿ, ನವಣೆಗಳಿಗೆ ಮರಳಬಹುದು. ಎಲ್ಲಕ್ಕಿಂತ ಮಿಗಿಲಾಗಿ, ನೆಲದಡಿಯ ನೀರಿಗೆ ಬೇಲಿಯಿಲ್ಲವೆಂಬುದನ್ನು ನೆನಪಿಡಬೇಕು. ನನ್ನ ಜಾಗದ ಬಾವಿಯಲ್ಲಿರುವುದು ನನ್ನದು ಮಾತ್ರವಲ್ಲ.

ಮಳೆಗಾಗಿ ಪ್ರಾರ್ಥಿಸೋಣ, ಅದು ಯುಕ್ತವೇ. ಆದರೆ ಬಂದ ಮಳೆಯನ್ನು ಚರಂಡಿಗೆ ಹರಿಯಬಿಟ್ಟು ಮತ್ತೆ ಕೈಮುಗಿಯುವುದು ಪ್ರಾರ್ಥನೆಯಾಗದು. ಈ ಮಳೆಗಾಲ ಮುಗಿಯುವುದರೊಳಗೆ ಪ್ರತಿಯೊಂದು ಕುಟುಂಬವೂ ತನ್ನ ಮನೆಯ ಚಾವಣಿಯ ನೀರು ಎತ್ತ ಹೋಗುತ್ತಿದೆಯೆಂದು ಒಮ್ಮೆ ನೋಡಲಿ.