ಏಳರಲ್ಲಿ ಐದು ಸೋಲು

ಕೊಡಗು ಮೂಲದ ರಾಬಿನ್ ಉತ್ತಪ್ಪ ಒಂದು ದಿನ ಸಿಡಿಲು, ಮರುದಿನ ಠುಸ್. ಆದರೂ ಕನ್ನಡಿಗರಿಗೆ ಅವರೆಂದರೆ ಅಕ್ಕರೆ. 2014ರ ಐಪಿಎಲ್‌ನಲ್ಲಿ ಅವರ ಕೋಲ್ಕತ್ತ ತಂಡ ಮೊದಲ 7 ಪಂದ್ಯಗಳಲ್ಲಿ 5 ಸೋತಿತ್ತು. ಪ್ಲೇಆಫ್ ಆಸೆ ಕಮರಿತ್ತು. ಆ ಹೊತ್ತಿಗೆ ಉತ್ತಪ್ಪನವರ ಬ್ಯಾಟು ಎಚ್ಚೆತ್ತಿತು. ಸತತ 10 ಇನಿಂಗ್ಸ್‌ಗಳಲ್ಲಿ 40ಕ್ಕೆ ಕಡಿಮೆಯಿಲ್ಲ. ಒಟ್ಟು 660 ರನ್, ಆರೆಂಜ್ ಕ್ಯಾಪ್. ತಂಡ ಉಳಿದ 9 ಪಂದ್ಯಗಳನ್ನೂ ಗೆದ್ದಿತು. ಬೆಂಗಳೂರಿನ ಫೈನಲ್‌ನಲ್ಲಿ ಮಾತ್ರ ಉತ್ತಪ್ಪ ಗಳಿಸಿದ್ದು 5! ಅಂದು 94 ರನ್ ಹೊಡೆದು ಕೈಹಿಡಿದವರು ಕರ್ನಾಟಕದವರೇ ಆದ ಮನೀಶ್ ಪಾಂಡೆ.

ಬಸವಕಲ್ಯಾಣ, ಹುಮನಾಬಾದ್‌ನ ಪಾಲಕರೇ, ಒಂದು ಕಿರುಪರೀಕ್ಷೆಯ ಅಂಕ ನೋಡಿ ಮಗನ ಬ್ಯಾಟನ್ನು ಅಟ್ಟಕ್ಕೆ ಎಸೆಯಬೇಡಿ. ವಿದ್ಯಾರ್ಥಿಗಳೇ, ಸೋತ ಐದನ್ನು ಎಣಿಸುತ್ತ ಕೂಡದೆ ಉಳಿದ ಒಂಬತ್ತಕ್ಕೆ ಇಂದೇ ಪುಸ್ತಕ ತೆರೆಯಿರಿ. ಎಡವಿದ ಗೆಳೆಯನಿಗೆ ಪಾಠ ಹೇಳಿಕೊಡುವುದನ್ನೂ ಮರೆಯಬೇಡಿ.