ಸೂರಿನ ಕಾವೂ ಲೆಕ್ಕಕ್ಕೆ ಬರಲಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ವರ್ಷಗಳಿಂದ ನಡೆದುಬಂದ ಪದ್ಧತಿ. ಬಿಸಿಲು ನೆತ್ತಿ ಸುಡುವ ಹೊತ್ತಿಗೆ ಜನ ಮನೆ ಸೇರಿಕೊಳ್ಳಲಿ ಎಂಬುದು ಅದರ ಉದ್ದೇಶ. ಆದರೆ ಆ ಮನೆಯ ಸೂರು ತಗಡಿನದೋ ಸಿಮೆಂಟ್ ಶೀಟಿನದೋ ಆಗಿದ್ದರೆ ಒಳಗೆ ನೆರಳು ಸಿಕ್ಕೀತು, ತಂಪು ಸಿಗದು. ಬಿಸಿಗಾಳಿಯ ಎಚ್ಚರಿಕೆಗಳಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅವು ಮುಖ್ಯವಾಗಿ ಗಾಳಿಯ ಉಷ್ಣಾಂಶವನ್ನೇ ನೆಚ್ಚಿಕೊಂಡಿವೆ. ಮನುಷ್ಯನ ಮೈಗೂ ಸುತ್ತಲಿನ ಗೋಡೆ, ಚಾವಣಿಗಳಿಗೂ ನಡುವೆ ಸದಾ ನಡೆಯುವ ಅವಕೆಂಪು ವಿಕಿರಣದ, ಅಂದರೆ ಇನ್‌ಫ್ರಾರೆಡ್ ಕಿರಣಗಳ ಕೊಡುಕೊಳ್ಳುವಿಕೆಯನ್ನು ಬಿಟ್ಟುಬಿಟ್ಟಿವೆ. ಸೆಕೆಯಿಂದ ಜನರನ್ನು ಕಾಪಾಡುವ ಯಾವ ಯೋಜನೆಯಾದರೂ ಮೊದಲು ಈ ಲೆಕ್ಕವನ್ನು ಸರಿಪಡಿಸಿಕೊಳ್ಳಬೇಕು.

ನಮ್ಮ ಚರ್ಮದ ಉಷ್ಣಾಂಶ ಸಾಮಾನ್ಯವಾಗಿ 33–34 ಡಿಗ್ರಿ ಸೆಲ್ಸಿಯಸ್. ಆ ಕಾವಿನಲ್ಲಿ ಅದು ಪ್ರತಿ ಚದರ ಮೀಟರಿಗೆ 480 ವಾಟ್‌ಗೂ ಹೆಚ್ಚು ಅವಕೆಂಪು ವಿಕಿರಣವನ್ನು ಹೊಮ್ಮಿಸುತ್ತದೆ. ಸುಮ್ಮನೆ ಕುಳಿತ ದೇಹ ಒಟ್ಟಾರೆ ಉತ್ಪಾದಿಸುವ ಶಾಖವೇ 100 ವಾಟ್ ಆಸುಪಾಸಿನದು. ಇಷ್ಟೊಂದು ಹೊರಚೆಲ್ಲಿಯೂ ಮೈ ತಣ್ಣಗಾಗದಿರಲು ಕಾರಣ, ಸುತ್ತಲಿನ ವಸ್ತುಗಳೂ ನಮ್ಮತ್ತ ವಿಕಿರಣ ಸೂಸುತ್ತಲೇ ಇರುತ್ತವೆ. 23 ಡಿಗ್ರಿಯ ಗೋಡೆಗಳ ನಡುವೆ ಇದ್ದರೆ ಚದರ ಮೀಟರಿಗೆ ಸುಮಾರು 435 ವಾಟ್ ಮರಳಿ ಬರುತ್ತದೆ. ಕೊಟ್ಟದ್ದರಲ್ಲಿ ಬಂದದ್ದನ್ನು ಕಳೆದರೆ ಉಳಿಯುವುದೇ ಮೈಯಿಂದ ಹೊರಹೋದ ಶಾಖ. ತಂಪಾದ ಕೋಣೆಯಲ್ಲಿ ಬರಿಮೈಯಲ್ಲಿ ಇರುವವರು ಬಿಡುವ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋಗುತ್ತದೆ. ಈಗ ತಲೆಯ ಮೇಲಿನ ಸಿಮೆಂಟ್ ಶೀಟು 50 ಡಿಗ್ರಿಗೆ ಕಾದಿದೆ ಎಂದುಕೊಳ್ಳಿ. ಅದರಿಂದ ಇಳಿಯುವುದು ಚದರ ಮೀಟರಿಗೆ 600 ವಾಟ್ ಸಮೀಪ. ವ್ಯವಹಾರ ತಿರುಗುಮುರುಗಾಯಿತು: ಶಾಖ ಬಿಡಬೇಕಾದ ಮೈ ಸೂರಿನಿಂದ ಶಾಖ ಪಡೆಯತೊಡಗುತ್ತದೆ. ನಡುವಿನ ಗಾಳಿ 38 ಡಿಗ್ರಿಯೋ 40 ಡಿಗ್ರಿಯೋ ಎಂಬುದರಿಂದ ಮಾತ್ರ ಇದು ತಿಳಿಯುವುದಿಲ್ಲ.

ಹವಾಮಾನ ಇಲಾಖೆಯ ಉಷ್ಣಮಾಪಕವೂ ಇದನ್ನು ತಿಳಿಸದು. ತಿಳಿಸಬಾರದೆಂದೇ ಅದನ್ನು ಇರಿಸಲಾಗಿದೆ. ಬಿಳಿ ಬಣ್ಣದ, ಗಾಳಿಯಾಡುವ ಪಟ್ಟಿಗಳಿರುವ ಸ್ಟೀವನ್‌ಸನ್ ಪೆಟ್ಟಿಗೆಯ ಕೆಲಸವೇ ಬಿಸಿಲನ್ನೂ ಸುತ್ತಲಿನ ವಿಕಿರಣವನ್ನೂ ತಡೆದು ಬರಿಯ ಗಾಳಿಯ ಬಿಸಿಯನ್ನು ತೋರಿಸುವುದು. ಹವಾಮಾನ ಶಾಸ್ತ್ರಕ್ಕೆ ಬೇಕಾದದ್ದೂ ಅದೇ. ತಪ್ಪು ಇರುವುದು ಅದೇ ಅಂಕಿಯನ್ನು ಮನುಷ್ಯನ ಮೈಮೇಲಿನ ಹೊರೆಯ ಅಳತೆ ಎಂದು ಭಾವಿಸುವುದರಲ್ಲಿ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಬಿಸಿಗಾಳಿ ಎನ್ನುತ್ತಾರೆ. ಮರದ ನೆರಳಿನಲ್ಲಿ ಇರುವವರಿಗೂ ತಗಡಿನ ಶೆಡ್ಡಿನಲ್ಲಿ ಹೊಲಿಗೆ ಹಾಕುವವರಿಗೂ ಈ ಅಂಕಿ ಒಂದೇ. ಅಮೆರಿಕದ ಸೇನಾ ತರಬೇತಿ ಶಿಬಿರಗಳು 1950ರ ದಶಕದಲ್ಲೇ ಈ ಕೊರತೆಯನ್ನು ಗುರುತಿಸಿದವು. ಅಲ್ಲಿ ರೂಪುಗೊಂಡ ಸೂಚ್ಯಂಕದಲ್ಲಿ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಜೊತೆಗೆ ಕಪ್ಪು ಬಳಿದ ಟೊಳ್ಳು ಗೋಳದೊಳಗಿನ ಉಷ್ಣಮಾಪಕಕ್ಕೂ ಸ್ಥಾನ ಸಿಕ್ಕಿತು. ಗೋಳದ ಕೆಲಸ, ಸುತ್ತಲಿನ ವಿಕಿರಣವನ್ನು ಮೈಯಂತೆಯೇ ಹೀರಿಕೊಂಡು ತೋರಿಸುವುದು.

ಇದಕ್ಕೆ ಬರುವ ಮೊದಲ ಆಕ್ಷೇಪಣೆ: ಸೆಕೆ ಹೆಚ್ಚಿದಾಗ ಮೈಯನ್ನು ಕಾಯುವುದು ಬೆವರು, ಆದ್ದರಿಂದ ತೇವಾಂಶವನ್ನು ಅಳೆದರೆ ಸಾಕು. ಮಂಗಳೂರಿನಂಥ ಕರಾವಳಿ ಊರುಗಳಲ್ಲಿ ತೇವಾಂಶವೇ ಮುಖ್ಯ ಎಂಬುದು ನಿಜ. ಆದರೆ ಬೆವರಿಗೂ ಬೆಲೆಯಿದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೊಜೂಲ್ ಶಾಖ ಕಳೆಯುತ್ತದೆ. ಸೂರಿನಿಂದ 100 ವಾಟ್ ಹೆಚ್ಚುವರಿ ಶಾಖ ಮೈಗೆ ಬಂದರೆ ಅದನ್ನು ತೀರಿಸಲು ತಾಸಿಗೆ 150 ಮಿಲಿಲೀಟರಿನಷ್ಟು ಹೆಚ್ಚು ಬೆವರಬೇಕು. ಎಂಟು ತಾಸಿಗೆ ಅದು ಒಂದು ಲೀಟರ್ ದಾಟುತ್ತದೆ. ವಯಸ್ಸಾದವರಿಗೆ ಬೆವರುವ ಶಕ್ತಿಯೇ ಕಡಿಮೆ. ಕೆಲವು ಔಷಧಿಗಳೂ ಬೆವರನ್ನು ತಗ್ಗಿಸುತ್ತವೆ. ವಿಕಿರಣದ ಹೊರೆಯನ್ನು ಇಳಿಸಿದರೆ ಬೆವರಿನ ಮೇಲಿನ ಹೊರೆಯೂ ತಾನಾಗಿ ಇಳಿಯುತ್ತದೆ.

ಫ್ಯಾನು, ಎ.ಸಿ. ಇವೆಯಲ್ಲ ಎಂಬುದು ಎರಡನೆಯ ವಾದ. ಚರ್ಮಕ್ಕಿಂತ ಬಿಸಿಯಾದ ಗಾಳಿಯನ್ನು ಫ್ಯಾನು ಮೈಗೆ ಬಡಿಯುತ್ತದೆ. ಬೆವರು ಆರಲು ನೆರವಾಗುವುದಷ್ಟೇ ಅದರ ಉಪಯೋಗ. ಎ.ಸಿ. ಗಾಳಿಯನ್ನು ತಣಿಸಿದರೂ ಕಾದ ಚಾವಣಿ ಸೂಸುವುದನ್ನು ನಿಲ್ಲಿಸುವುದಿಲ್ಲ; ಹಾಗಾಗಿ ಗಾಳಿಯನ್ನು ಇನ್ನಷ್ಟು ತಣಿಸಬೇಕು, ಇನ್ನಷ್ಟು ಬಿಲ್ಲು ಕಟ್ಟಬೇಕು. ರಾತ್ರಿಯೂ ಆರ್‌ಸಿಸಿ ಚಾವಣಿ ಹಗಲು ತುಂಬಿಕೊಂಡ ಶಾಖವನ್ನು ಕೋಣೆಗೆ ಇಳಿಸುತ್ತಲೇ ಇರುತ್ತದೆ. ಬಯಲುಸೀಮೆಯ ಜನ ಬೇಸಿಗೆಯಲ್ಲಿ ಅಂಗಳಕ್ಕೆ ಹೊರಸು ಎಳೆದುಕೊಂಡು ಮಲಗುವುದರ ಹಿಂದೆ ತಂಗಾಳಿಯ ಆಸೆಯ ಜೊತೆಗೆ ಭೌತಶಾಸ್ತ್ರವೂ ಇದೆ. ಮೋಡವಿಲ್ಲದ ಒಣ ಆಕಾಶ ಕೆಳಕ್ಕೆ ಸೂಸುವ ವಿಕಿರಣ ಕಡಿಮೆಯಾದ್ದರಿಂದ ಮೈ ತನ್ನ ಶಾಖವನ್ನು ಅತ್ತ ಸರಾಗವಾಗಿ ಬಿಡುತ್ತದೆ. ಪಟ್ಟಣದ ಇಕ್ಕಟ್ಟಿನ ಬಡಾವಣೆಗಳಲ್ಲಿ ಆ ಅಂಗಳವೂ ಇಲ್ಲ.

ಪರಿಹಾರ ದುಬಾರಿಯಲ್ಲ. ಸುಣ್ಣ ಅಥವಾ ಬಿಳಿ ಲೇಪನ ಬಳಿದ ಸೂರು ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ತಳ್ಳುತ್ತದೆ. ಅವಕೆಂಪಿನಲ್ಲಿ ಮಾತ್ರ ತನ್ನ ಶಾಖವನ್ನು ಆಕಾಶಕ್ಕೆ ಧಾರಾಳವಾಗಿ ಬಿಡುತ್ತದೆ. ಧೂಳು ಕೂತು, ಮಳೆಗೆ ತೊಳೆದು ಬಿಳುಪು ಮಾಸುವುದು ನಿಜ. ಪ್ರತಿ ಬೇಸಿಗೆಗೆ ಮುನ್ನ ಮತ್ತೆ ಬಳಿಯಲು ಹಣ ತೆಗೆದಿಡುವುದು ಅದಕ್ಕೆ ಉತ್ತರವೇ ಹೊರತು ಬಳಿಯದಿರುವುದಲ್ಲ. 2013ರಲ್ಲಿ ಶಾಖ ಕ್ರಿಯಾಯೋಜನೆ ರೂಪಿಸಿದ ಅಹಮದಾಬಾದ್ ಮುಂದೆ ತಂಪು ಸೂರುಗಳನ್ನೂ ಅದರೊಳಗೆ ತಂದಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಸೂರಿಗೆಂದೇ ನೀತಿ ಪ್ರಕಟಿಸಿತು. ಅದೇ ಬಿಸಿಲನ್ನು ಹಂಚಿಕೊಂಡಿರುವ ರಾಯಚೂರು, ಕಲಬುರಗಿ, ಬೀದರ್‌ಗೆ ಅದು ಬೇಡವಾಗಲು ಕಾರಣವಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪನ ಜಾಲ ಹೋಬಳಿ ಮಟ್ಟದವರೆಗೂ ಇದೆ. ಅದರ ಕೆಲವು ಕೇಂದ್ರಗಳಲ್ಲೂ ಅಂಗನವಾಡಿ, ಆರೋಗ್ಯ ಕೇಂದ್ರಗಳ ಒಳಗೂ ಕಪ್ಪು ಗೋಳದ ಮಾಪಕ ಇಡುವುದು ಮೊದಲ ಹೆಜ್ಜೆಯಾಗಲಿ. ಯಾವ ಸೂರಿನ ಕೆಳಗೆ ಮೈ ಶಾಖ ಬಿಡಲಾಗದೆ ಒದ್ದಾಡುತ್ತಿದೆ ಎಂಬ ಪಟ್ಟಿ ಸಿಕ್ಕಮೇಲೆ ಸರ್ಕಾರಿ ವಸತಿ ಯೋಜನೆಗಳ ಹಣ ಮೊದಲು ಆ ಸೂರುಗಳಿಗೇ ಹೋಗಬೇಕು.