ಕ್ಲೌಡ್ ಬಿಲ್ಲು: ಸಮಪಾಲು ಅನ್ನೋ ಅನ್ಯಾಯ

"ಎಲ್ಲಾ ಟೀಮಿಗೂ ಸಮ ಸಮ ಹಂಚಿಬಿಡೋಣ, ತಲೆನೋವೇ ಇರಲ್ಲ."

ತಿಂಗಳ ಕೊನೆಗೆ ಕ್ಲೌಡ್ ಬಿಲ್ಲು ಬಂದಾಗ ನಮ್ಮ ಐಟಿ ಕಂಪನಿಗಳ ಮೀಟಿಂಗುಗಳಲ್ಲಿ ಕೇಳಿಬರೋ ಮಾತಿದು. ಕೇಳೋಕೇನೋ ನ್ಯಾಯವಾಗೇ ಇದೆ. ಆದ್ರೆ ಇದು ಲೆಕ್ಕವೇ ಅಲ್ಲ, ಸೋಮಾರಿತನ ಅಂತ ನನ್ನ ವಾದ. ಬ್ಲಾಗಿಗರಲ್ಲಿ ಸಾಫ್ಟ್‌ವೇರಿನವರೂ ಸಾಕಷ್ಟು ಇರೋದ್ರಿಂದ ಇಲ್ಲೇ ಜಗಳ ತೆಗೀತೀನಿ :-)

ಉಳಿದವರಿಗಾಗಿ ಎರಡು ಮಾತು. ಹಿಂದೆ ಒಂದು ಟೀಮಿಗೆ ಒಂದು ಸರ್ವರ್ ಅಂತಿರ್ತಿತ್ತು, ಯಾರ ಸರ್ವರೋ ಅವರ ಖರ್ಚು. 2014ರಲ್ಲಿ ಗೂಗಲ್‌ನವರು ಕುಬರ್ನೆಟಿಸ್ ಅನ್ನು ಓಪನ್ ಸೋರ್ಸ್ ಮಾಡಿದ ಮೇಲೆ, ಹಲವು ಟೀಮುಗಳ ಕಂಟೇನರುಗಳು ಒಂದೇ ಯಂತ್ರದಲ್ಲಿ ಕೂಡು ಕುಟುಂಬದ ಹಾಗೆ ಸಂಸಾರ ಮಾಡೋದು ಮಾಮೂಲಾಯ್ತು. ಬಿಲ್ಲು ಮಾತ್ರ ಇಡೀ ಯಂತ್ರಕ್ಕೆ ಬರುತ್ತೆ. ಯಾರೆಷ್ಟು ತಿಂದರು ಅನ್ನೋದನ್ನ ನಾವೇ ಲೆಕ್ಕ ಹಾಕಬೇಕು.

ಒಂದು ಉದಾಹರಣೆ. 8 ಸಿಪಿಯು, 32 ಜಿಬಿ ಮೆಮೊರಿ ಇರೋ ಯಂತ್ರ. ಸಿಪಿಯು ಒಂದಕ್ಕೆ ಗಂಟೆಗೆ 9 ರೂಪಾಯಿ, ಒಂದು ಜಿಬಿಗೆ 1 ರೂಪಾಯಿ ಅಂತಿಟ್ಕೊಳ್ಳಿ. ಒಟ್ಟು 104 ರೂಪಾಯಿ. (ಈ 9ಕ್ಕೆ 1 ನನ್ನ ಕಲ್ಪನೆಯಲ್ಲ, ಅಮೆಜಾನ್ ತನ್ನ ಇಕೆಎಸ್ ಸೇವೆಯ ಖರ್ಚು ಒಡೆಯೋಕೆ ಬಳಸೋ ತೂಕವೇ ಇದು.) ಸರ್ಚ್ ಟೀಮು ಹಿಡಿದಿರೋದು 1 ಸಿಪಿಯು, 16 ಜಿಬಿ. ಪೇಮೆಂಟ್ ಟೀಮು 5 ಸಿಪಿಯು, 8 ಜಿಬಿ. ಸರ್ಚ್‌ನವರ ಪಾಲೆಷ್ಟು?

ಸಮಪಾಲು ಅಂದ್ರೆ 52 ರೂಪಾಯಿ. ಮೆಮೊರಿ ಮಾತ್ರ ನೋಡಿದ್ರೆ 69. ಸಿಪಿಯು ಮಾತ್ರ ನೋಡಿದ್ರೆ 17. ಎರಡನ್ನೂ ಬೇರೆ ಬೇರೆ ಅಳೆದ್ರೆ 25! ಪೇಮೆಂಟ್‌ನವರದ್ದು 53. ಉಳಿದ 26 ರೂಪಾಯಿ ಯಾರೂ ಮುಟ್ಟದೆ ಖಾಲಿ ಬಿದ್ದಿರೋ ಜಾಗದ್ದು. ಸಮಪಾಲಿನಲ್ಲಿ ಈ 26 ಕಣ್ಣಿಗೇ ಬೀಳಲ್ಲ. ಅಷ್ಟು ದೊಡ್ಡ ಯಂತ್ರ ಯಾಕೆ ತಗೊಂಡ್ರಿ ಅಂತ ಯಾರೂ ಕೇಳಲ್ಲ. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇದೇನು ಬರೀ ಅಂಕಿಗಳ ಆಟವಲ್ಲ. ನಾನು ಹಿಂದೆ ಕೆಲಸ ಮಾಡ್ತಿದ್ದ ಕಡೆ (ಹೆಸರು ಬೇಡ ಬಿಡಿ) ಭಾರತೀಯ ಭಾಷೆಗಳ ಹುಡುಕಾಟದ ಸೇವೆಯೊಂದಿತ್ತು. ಕನ್ನಡವೂ ಇತ್ತು. ಪದಪಟ್ಟಿಗಳನ್ನೆಲ್ಲ ಮೆಮೊರಿಯಲ್ಲೇ ಇಟ್ಕೊಳ್ತಿತ್ತು, ಸಿಪಿಯು ಮುಟ್ತಿದ್ದದ್ದು ಕಡಿಮೆ. ಬಿಲ್ಲು ಹಂಚಿದ್ದು ಮೆಮೊರಿ ಒಂದನ್ನೇ ನೋಡಿ. "ದುಬಾರಿ ಸೇವೆ" ಅನ್ನೋ ಹಣೆಪಟ್ಟಿ ಬಿತ್ತು, ಆರು ತಿಂಗಳಲ್ಲಿ ಬಾಗಿಲು ಹಾಕ್ತು. ತಪ್ಪು ಭಾಗಾಕಾರಕ್ಕೆ ಬಲಿಯಾಗೋದು ಯಾವಾಗಲೂ ಸಣ್ಣವರೇ.

ಇನ್ನೊಂದು ವಾದ ಇದೆ: "ನಾವು ಬಳಸಿದ್ದು ಕಾಲು ಭಾಗ, ಅಷ್ಟಕ್ಕೇ ಕೊಡ್ತೀವಿ." ಇದೂ ಸಲ್ಲದು. ಕುಬರ್ನೆಟಿಸ್ ಕಂಟೇನರಿಗೆ ಜಾಗ ಕೊಡೋದು ನೀವು ಕೇಳಿದ್ದನ್ನ ನೋಡಿ, ಬಳಸಿದ್ದನ್ನ ನೋಡಿ ಅಲ್ಲ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ನಾಲ್ಕು ಸೀಟು ಹಿಡಿದು, ಕೂತಿದ್ದು ಒಂದರಲ್ಲೇ ಅಂದ್ರೆ ಕಂಡಕ್ಟರ್ ಬಿಡ್ತಾನಾ? ಕೇಳಿದ್ದು, ಬಳಸಿದ್ದು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಅದೇ ನ್ಯಾಯ.

ಡಿಸ್ಕು, ನೆಟ್‌ವರ್ಕಿನ ಕಥೆಯೂ ಇದೇ. ಅಮೆಜಾನಿನ ಇಬಿಎಸ್ ಡಿಸ್ಕು 500 ಜಿಬಿ ತಗೊಂಡು 20 ತುಂಬಿಸಿದ್ರೂ ಬಾಡಿಗೆ 500ಕ್ಕೇ. ಒಂದೇ ಊರಿನ ಎರಡು ವಲಯಗಳ ನಡುವೆ ಡೇಟಾ ಓಡಾಡಿದ್ರೂ ಹೋಗೋಕೆ ಬರೋಕೆ ಎರಡೂ ಕಡೆ ಚಾರ್ಜು. ಇವೆಲ್ಲ "ಇತರೆ" ಅನ್ನೋ ಮೂಟೆಗೆ ಸೇರಿ, ಮತ್ತೆ ಎಲ್ಲರ ತಲೆಗೆ ಸಮಪಾಲು!

"ಇಷ್ಟೆಲ್ಲ ಅಳೆಯೋಕೆ ಯಾರಿಗೆ ಪುರುಸೊತ್ತು?" ಅಂತೀರಾ? ಓಪನ್‌ಕಾಸ್ಟ್ ಅನ್ನೋ ಉಚಿತ ತಂತ್ರಾಂಶ 2022ರಿಂದಲೇ ಇದೆ. ಅಮೆಜಾನ್ 2024ರಿಂದ ಇಕೆಎಸ್ ಖರ್ಚನ್ನ ಪಾಡ್ ಪಾಡಿಗೂ ಒಡೆದು ಕೊಡ್ತಿದೆ. 9ಕ್ಕೆ 1 ಅನ್ನೋ ತೂಕ ಸರಿಯಿಲ್ಲ ಅನ್ಸಿದ್ರೆ ಬದಲಾಯಿಸಿ, ಆದ್ರೆ ಎಲ್ಲರಿಗೂ ಕಾಣೋ ಹಾಗೆ ಬರೆದಿಡಿ. ಖಾಲಿ ಜಾಗದ ಖರ್ಚನ್ನ ಬೇರೆ ಸಾಲಿನಲ್ಲಿ, ಯಂತ್ರ ಕೊಂಡವರ ಹೆಸರಿನಲ್ಲೇ ತೋರಿಸಿ. ನಾನು ಕೇಳ್ತಿರೋದು ಇಷ್ಟೇ.

ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ನೀರಿನ ಬಿಲ್ಲು ಮನೆಗಿಷ್ಟು ಅಂತ ಹಂಚಿದ್ರೆ ರಂಪ ಮಾಡಿ ಮೀಟರ್ ಹಾಕಿಸೋ ನಾವು, ಆಫೀಸಿನಲ್ಲಿ ಮಾತ್ರ ಯಾಕೆ ಬಾಯಿ ಮುಚ್ಕೊಂಡಿರ್ತೀವಿ? ಸಮಪಾಲೇ ಸರಿ ಅನ್ನೋರು ಕಮೆಂಟಿನಲ್ಲಿ ಬೈಯಿರಿ. ಆದ್ರೆ ಲೆಕ್ಕ ಸಮೇತ ಬೈಯಿರಿ!